ಭೂಮಿ ಬಿಸಿಯಾದದ್ದು ಮನುಷ್ಯನಿಂದಲೇ ಅಂತ ಹೇಗೆ ಗೊತ್ತು? ಮನೆಯಲ್ಲಿ ಕೇಳಿದರೆ ಹೀಗೆ ಬಿಡಿಸಿ ಹೇಳಿ

ಯುಗಾದಿಗೆ ಚಳ್ಳಕೆರೆ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದೆ. ಹೋಳಿಗೆ ಊಟ ಮುಗಿದ ಮೇಲೆ ದೊಡ್ಡಪ್ಪ ಜಗಲಿ ಮೇಲೆ ಕಂಬಳಿ ಹಾಸಿಕೊಂಡು ಕೂತು ಒಂದು ಮಾತು ಕೇಳಿದರು. "ಅಲ್ಲಪ್ಪಾ, ಮಳೆ ಬರಾದು, ಬಿಸಿಲು ಕಾಯಾದು ಮನುಷ್ಯನ ಕೈಯಾಗೈತೇನು? ಧಾತು ವರ್ಷದಾಗೂ ಬರ ಬಂದಿತ್ತಂತೆ. ಆಗ ಯಾವ ಬಸ್ಸಿತ್ತು, ಯಾವ ಫ್ಯಾಕ್ಟ್ರಿ ಇತ್ತು?"

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವನು. ಆದರೂ ಆ ಹೊತ್ತಿಗೆ "ವಿಜ್ಞಾನಿಗಳು ಹೇಳ್ತಾರೆ ದೊಡ್ಡಪ್ಪ" ಅನ್ನುವುದಷ್ಟೇ ಬಾಯಿಗೆ ಬಂತು. ಅದು ಉತ್ತರವೇ ಅಲ್ಲ. ಐವತ್ತು ವರ್ಷ ಶೇಂಗಾ, ಈರುಳ್ಳಿ ಬೆಳೆದು ಮಳೆಯ ಒಂದೊಂದು ನಕ್ಷತ್ರವನ್ನೂ ಎಣಿಸಿ ಬದುಕಿದವರು ಕೇಳಿದ ಪ್ರಶ್ನೆಗೆ "ಯಾರೋ ಹೇಳಿದ್ದಾರೆ, ನಂಬಿ" ಅನ್ನುವುದು ಮರ್ಯಾದೆ ಅಲ್ಲ. ಹಾಗಾಗಿ ವಾಪಸ್ ಬಂದು ಕೂತು, ಪುರಾವೆಗಳನ್ನು ಒಂದರ ಹಿಂದೆ ಒಂದು ಜೋಡಿಸಿಕೊಂಡೆ. ಆಮೇಲೆ ಹೋಗಿ ಅವರಿಗೆ ಹೇಳಿದೆ, ತರಗತಿಯಲ್ಲೂ ಹೇಳಿದೆ. ಯಾವ ಕ್ರಮದಲ್ಲಿ ಹೇಳಿದರೆ ತಲೆಗೆ ಹೋಗುತ್ತದೆ ಅಂತ ಈಗ ಸ್ವಲ್ಪ ಗೊತ್ತಾಗಿದೆ. ನಿಮ್ಮ ಮನೆಯಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಪ್ರಶ್ನೆಯನ್ನು ಬಿಡಿಸಿ

ಜಗಳ ಆಗುವುದು ಸಾಮಾನ್ಯವಾಗಿ ಇಲ್ಲೇ. ಒಂದೇ ಪ್ರಶ್ನೆಯ ಒಳಗೆ ನಾಲ್ಕು ಪ್ರಶ್ನೆ ಸೇರಿಕೊಂಡಿರುತ್ತವೆ. ಭೂಮಿ ನಿಜವಾಗಿ ಬಿಸಿಯಾಗಿದೆಯಾ? ಗಾಳಿಯಲ್ಲಿ ಜಾಸ್ತಿಯಾದ ಕಾರ್ಬನ್ ಡೈಆಕ್ಸೈಡ್ ಯಾರದ್ದು? ಬಿಸಿಗೆ ಅದೇ ಕಾರಣವಾ, ಬೇರೆ ಏನಾದರೂ ಇದೆಯಾ? ಕೊನೆಯದು, ಮೊನ್ನೆ ನಮ್ಮೂರಲ್ಲಿ ಸುರಿದ ಆ ಒಂದು ಮಳೆಗೂ ಇದಕ್ಕೂ ಸಂಬಂಧ ಇದೆಯಾ? ನಾಲ್ಕಕ್ಕೂ ಬೇರೆ ಬೇರೆ ಪುರಾವೆ ಬೇಕು. ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಬೇಡಿ.

ದೊಡ್ಡಪ್ಪ ಹೇಳಿದ ಧಾತು ಸಂವತ್ಸರದ ಬರ 1876ರಿಂದ 78ರದ್ದು. ನಮ್ಮ ಮೈಸೂರು ಸೀಮೆಯಲ್ಲಿ ಲಕ್ಷಾಂತರ ಜನ ಸತ್ತ ಬರ. 1877ರಲ್ಲಿ ಪೆಸಿಫಿಕ್ ಸಾಗರದಲ್ಲಿ ಬಲವಾದ ಎಲ್ ನಿನೊ ಇತ್ತು, ಅಂದರೆ ಅಲ್ಲಿನ ಸಮುದ್ರದ ನೀರು ಮಾಮೂಲಿಗಿಂತ ಬಿಸಿಯಾಗಿತ್ತು. ಅಂಥ ವರ್ಷಗಳಲ್ಲಿ ನಮ್ಮ ಮುಂಗಾರು ಹೆಚ್ಚಾಗಿ ಸೊರಗುತ್ತದೆ. ಹಾಗಾಗಿ ಅವರ ಮಾತನ್ನು ಮೊದಲು ಒಪ್ಪಿಕೊಳ್ಳಿ. ಹೌದು, ಬರ ಮೊದಲೂ ಇತ್ತು, ಪ್ರಕೃತಿಯ ಏರಿಳಿತ ಈಗಲೂ ಇದೆ. ಆದರೆ ನಾವು ಕೇಳುತ್ತಿರುವುದು "ಬರ ಯಾಕೆ ಬರುತ್ತೆ" ಅಂತ ಅಲ್ಲ. ಏರಿಳಿತದ ನಡುವೆ ಇರುವ ಸರಾಸರಿಯೇ ವರ್ಷದಿಂದ ವರ್ಷಕ್ಕೆ ಮೇಲೆ ಜರುಗುತ್ತಿದೆಯಲ್ಲ, ಅದು ಯಾಕೆ ಅಂತ.

ಇದನ್ನು ತೋರಿಸಲು ನಮ್ಮ ಮಾರಿ ಕಣಿವೆಗಿಂತ ಒಳ್ಳೆ ಉದಾಹರಣೆ ಬೇಡ. ಮಾರಿ ಕಣಿವೆ ಅಂದರೆ ಹಿರಿಯೂರಿನ ವಾಣಿ ವಿಲಾಸ ಸಾಗರ, 1907ರಲ್ಲಿ ಮುಗಿದ ಅಣೆಕಟ್ಟು. ಅದು ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಎರಡನೇ ಸಲ ಕೋಡಿ ಬಿದ್ದದ್ದು 2022ರಲ್ಲಿ, ಹತ್ತಿರ ಹತ್ತಿರ ತೊಂಬತ್ತು ವರ್ಷದ ಮೇಲೆ. ಆ ದಿನ ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋದರು. "ನೋಡ್ರಿ, ಹವಾಮಾನ ಬದಲಾಗಿದ್ದಕ್ಕೆ ಇದೇ ಸಾಕ್ಷಿ" ಅಂತ ಕೆಲವರು, "ಬರ ಬರುತ್ತೆ ಅಂತಿದ್ರಲ್ಲ, ಈಗ ಕೆರೆ ತುಂಬಿಲ್ವಾ" ಅಂತ ಇನ್ನು ಕೆಲವರು. ಇಬ್ಬರ ಮಾತೂ ನಿಲ್ಲುವುದಿಲ್ಲ. ಆ ವರ್ಷ ಮಳೆ ಜೋರಾಗಿತ್ತು, ನಿಜ. ಆದರೆ ಕೆಲವು ವರ್ಷಗಳಿಂದ ಭದ್ರಾ ಮೇಲ್ದಂಡೆ ಯೋಜನೆಯಿಂದ ಆ ಕಣಿವೆಗೆ ಹೊರಗಿನ ನೀರೂ ಬರುತ್ತಿದೆ. ತಳದಲ್ಲಿ ಮೊದಲೇ ನೀರು ನಿಂತಿದ್ದರೆ ಕೆರೆ ಬೇಗ ತುಂಬುತ್ತದೆ, ಅಲ್ವಾ? ಒಂದು ಕೆರೆ, ಒಂದು ವರ್ಷ, ಎರಡು ಮೂರು ಕಾರಣ. ಕಾರಣಗಳನ್ನು ಬೇರೆ ಬೇರೆ ಮಾಡಿ, ಯಾವುದರ ಪಾಲು ಎಷ್ಟು ಅಂತ ತೂಗುವುದೇ ಈ ಇಡೀ ವಿದ್ಯೆ. ವಿಜ್ಞಾನಿಗಳು ಮಾಡುವುದೂ ಅದನ್ನೇ, ತಕ್ಕಡಿ ದೊಡ್ಡದು ಅಷ್ಟೇ.

ಬಿಸಿ ನಿಜವಾ?

ಇದನ್ನು ಬೇಗ ಮುಗಿಸಿ. ಒಂದು ಊರಿನ ಸೆಖೆ ಲೆಕ್ಕಕ್ಕಿಲ್ಲ. ಹವಾಮಾನ ಅಂದರೆ ಕನಿಷ್ಠ 30 ವರ್ಷದ ಸರಾಸರಿ. ನಮ್ಮ ದೇಶದ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ, ಅಂದಿನಿಂದ ಅಳತೆ ಬರೆದಿಟ್ಟಿದ್ದಾರೆ. 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಏರಿದೆ. ಇಡೀ ಭೂಮಿಯದ್ದು ತಗೊಂಡರೆ 1850–1900ರ ಸರಾಸರಿಗಿಂತ 2011–2020ರ ದಶಕ ಸುಮಾರು 1.1 ಡಿಗ್ರಿ ಬಿಸಿ. 2024 ಒಂದೇ ವರ್ಷ ಒಂದೂವರೆ ಡಿಗ್ರಿ ಮುಟ್ಟಿತು.

"ಊರಲ್ಲಿ ಮರ ಕಡಿದು ಕಾಂಕ್ರೀಟ್ ಹಾಕಿದ್ದಕ್ಕೆ ಬಿಸಿ" ಅಂತ ಯಾರಾದರೂ ಅಂದರೆ ಅದು ಸುಳ್ಳೇನಲ್ಲ. ದಾವಣಗೆರೆಯ ಪೇಟೆ ಬೀದಿಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ನಡೆದು, ಆಮೇಲೆ ಭದ್ರಾ ನಾಲೆಯ ಪಕ್ಕದ ಅಡಿಕೆ ತೋಟದಲ್ಲಿ ನಿಂತರೆ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ಆದರೆ ಅದು ಊರಿನ ಬಿಸಿ. ಭೂಮಿಯಲ್ಲಿ ಜಾಸ್ತಿಯಾದ ಶಾಖದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಹೋಗಿ ಸೇರಿದ್ದು ಸಮುದ್ರಕ್ಕೆ. ಸಮುದ್ರದ ನಡುವೆ ಯಾರೂ ಲೇಔಟ್ ಮಾಡಿಲ್ಲ.

ಆ ಕಾರ್ಬನ್ ಯಾರದ್ದು? ಇಲ್ಲಿ ನಿಧಾನ ಮಾಡಿ

ನನ್ನ ಅನುಭವದಲ್ಲಿ ಜನ ಕಿವಿಗೊಟ್ಟು ಕೇಳುವುದು ಈ ಭಾಗವನ್ನು. ಯಾಕೆಂದರೆ ಇದು ಕಳ್ಳನ ಜಾಡು ಹಿಡಿದ ಹಾಗಿದೆ.

ಅಮೆರಿಕದ ಚಾರ್ಲ್ಸ್ ಕೀಲಿಂಗ್ ಅನ್ನುವ ವಿಜ್ಞಾನಿ 1958ರಲ್ಲಿ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅಳೆಯಲು ಶುರು ಮಾಡಿದರು. ಆಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 315 ಈ ಅನಿಲದ್ದಾಗಿದ್ದವು. ಇದನ್ನೇ ಪಿಪಿಎಂ ಅನ್ನುವುದು. 2024ರ ಹೊತ್ತಿಗೆ ಅದು 420 ದಾಟಿದೆ. ಅದಕ್ಕೂ ಹಿಂದೆ ಎಷ್ಟಿತ್ತು? ಅಂಟಾರ್ಕ್ಟಿಕಾದ ಮಂಜುಗಡ್ಡೆಯನ್ನು ಬೋರ್‌ವೆಲ್ ಕೊರೆದ ಹಾಗೆ ಕೊರೆದು, ಅದರೊಳಗೆ ಸಿಕ್ಕಿಬಿದ್ದ ಹಳೆಯ ಗಾಳಿಯ ಗುಳ್ಳೆಗಳನ್ನು ಅಳೆದಿದ್ದಾರೆ. ಕಳೆದ 8 ಲಕ್ಷ ವರ್ಷದಲ್ಲಿ, ಈ ನೂರು ನೂರೈವತ್ತು ವರ್ಷ ಬಿಟ್ಟರೆ, ಅದು 300ರ ಗಡಿ ದಾಟಿದ್ದೇ ಇಲ್ಲ ಅನ್ನಬಹುದು. ಫ್ಯಾಕ್ಟರಿಗಳ ಕಾಲಕ್ಕೆ ಮುಂಚೆ ಸುಮಾರು 280 ಇತ್ತು.

ಈಗ ಒಂದು ಹಾಳೆ, ಒಂದು ಪೆನ್ನು ತಗೊಳ್ಳಿ. ಮಂಡಿಯಲ್ಲಿ ಜಮಾ ಖರ್ಚು ಬರೆದ ಹಾಗೆ ಬರೆಯೋಣ. ಗಾಳಿಯಲ್ಲಿ 1 ಪಿಪಿಎಂ ಏರಬೇಕಾದರೆ ಸುಮಾರು 780 ಕೋಟಿ ಟನ್ ಕಾರ್ಬನ್ ಡೈಆಕ್ಸೈಡ್ ಸೇರಬೇಕು. ಈಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು ಎರಡೂವರೆ ಪಿಪಿಎಂ ಏರುತ್ತಿದೆ. ಗುಣಿಸಿ. 1,950 ಕೋಟಿ ಟನ್ ಬಂತು. ಇದು ಜಮಾ. ಇನ್ನು ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್, ಸಿಮೆಂಟ್, ಕಾಡು ಕಡಿದದ್ದು ಎಲ್ಲ ಸೇರಿ ಮನುಷ್ಯರು ವರ್ಷಕ್ಕೆ ಬಿಡುತ್ತಿರುವುದು ಸುಮಾರು 4,000 ಕೋಟಿ ಟನ್. ನಾವು ಬಿಟ್ಟದ್ದರಲ್ಲಿ ಅರ್ಧದಷ್ಟು ಮಾತ್ರ ಗಾಳಿಯಲ್ಲಿ ಉಳಿದಿದೆ. ಉಳಿದರ್ಧವನ್ನು ಮರಗಿಡ ಮತ್ತು ಸಮುದ್ರ ನುಂಗಿಕೊಂಡಿವೆ. ಅಂದರೆ ಪ್ರಕೃತಿ ನಮ್ಮಿಂದ ತಗೊಳ್ಳುತ್ತಿದೆಯೇ ಹೊರತು ಮೇಲೆ ಸೇರಿಸುತ್ತಿಲ್ಲ. ಈ ಲೆಕ್ಕ ಬರೆದು ತೋರಿಸಿದಾಗ ದೊಡ್ಡಪ್ಪ ಹಾಳೆಯನ್ನು ಕೈಗೆ ತಗೊಂಡು ಎರಡು ಸಲ ಓದಿದರು. ಅಡತಿ ಅಂಗಡಿಯ ಚೀಟಿ ನೋಡಿ ರೂಢಿ ಇರುವವರಿಗೆ ಇದು ತಕ್ಷಣ ಹಿಡಿಯುತ್ತದೆ.

ತರಗತಿಯಲ್ಲಿ ಮಕ್ಕಳು ಒಂದು ಕಡೆ ಸಿಕ್ಕಿಕೊಳ್ಳುತ್ತಾರೆ. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕೆಜಿಯಷ್ಟು ತೂಗುತ್ತದೆ, ಅದು ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. "ಸರ್, ಮುಕ್ಕಾಲು ಕೆಜಿಯಿಂದ ಎರಡು ಕೆಜಿ ಹೇಗೆ ಬಂತು?" ಉರಿಯುವಾಗ ಗಾಳಿಯಲ್ಲಿರುವ ಆಕ್ಸಿಜನ್ ಬಂದು ಕಾರ್ಬನ್‌ಗೆ ಸೇರುತ್ತದೆ. 12 ಗ್ರಾಂ ಕಾರ್ಬನ್‌ಗೆ 32 ಗ್ರಾಂ ಆಕ್ಸಿಜನ್. ಹಾಗಾದರೆ ಗಾಳಿಯಲ್ಲಿ ಆಕ್ಸಿಜನ್ ಕಡಿಮೆಯಾಗಬೇಕಲ್ವಾ ಅಂತ ಒಬ್ಬಳು ಹುಡುಗಿ ಕೇಳಿದಳು. ಎಷ್ಟು ಸರಿಯಾದ ಪ್ರಶ್ನೆ! ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ 1980ರ ದಶಕದ ಕೊನೆಯಿಂದ ಅದನ್ನೇ ಅಳೆಯುತ್ತಿದ್ದಾರೆ. ಆಕ್ಸಿಜನ್ ನಿಜಕ್ಕೂ ಇಳಿಯುತ್ತಿದೆ, ಉಸಿರಾಟಕ್ಕೆ ತೊಂದರೆ ಆಗದಷ್ಟು ಕಡಿಮೆ ಪ್ರಮಾಣದಲ್ಲಿ. ಈ ಇಳಿಕೆಯೇ ಇನ್ನೊಂದು ಸಾಕ್ಷಿ. ಹೆಚ್ಚಾದ ಕಾರ್ಬನ್ ಡೈಆಕ್ಸೈಡ್ ಸಮುದ್ರದಿಂದಲೋ ಜ್ವಾಲಾಮುಖಿಯಿಂದಲೋ ಸುಮ್ನೆ ಹೊರಗೆ ಬಂದಿದ್ದರೆ ಆಕ್ಸಿಜನ್ ಹೀಗೆ ಖರ್ಚಾಗುತ್ತಿರಲಿಲ್ಲ. ಎಲ್ಲೋ ಏನೋ ಉರಿದಿದೆ.

ಏನು ಉರಿದಿದೆ ಅನ್ನುವುದಕ್ಕೂ ಗುರುತು ಇದೆ. ಕಾರ್ಬನ್‌ನಲ್ಲಿ ಮೂರು ಬಗೆ. ಹೆಚ್ಚಿನದು ಕಾರ್ಬನ್-12. ಸ್ವಲ್ಪ ಕಾರ್ಬನ್-13. ಅತಿ ಸ್ವಲ್ಪ ಕಾರ್ಬನ್-14. ಈ ಹದಿನಾಲ್ಕು ತಾನಾಗಿ ಸವೆಯುತ್ತಾ ಹೋಗುತ್ತದೆ, 5,730 ವರ್ಷಕ್ಕೆ ಅರ್ಧ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲು, ಎಣ್ಣೆಯಲ್ಲಿ ಅದು ಒಂದಿಷ್ಟೂ ಉಳಿದಿರುವುದಿಲ್ಲ. ಅದನ್ನು ಸುಟ್ಟು ಬಿಟ್ಟರೆ ಗಾಳಿಯ ಹದಿನಾಲ್ಕರ ಪಾಲು ತೆಳುವಾಗಬೇಕು, ಹಾಲಿಗೆ ನೀರು ಬೆರೆಸಿದ ಹಾಗೆ. ಹಾನ್ಸ್ ಸೂಯೆಸ್ ಅನ್ನುವವರು 1950ರ ದಶಕದಲ್ಲೇ ಮರದ ಉಂಗುರಗಳಲ್ಲಿ ಈ ತೆಳುವಾದದ್ದನ್ನು ಕಂಡುಹಿಡಿದರು. ಇನ್ನು ಹದಿಮೂರು. ಗಿಡಗಳು ಗಾಳಿಯಿಂದ ಕಾರ್ಬನ್ ಎಳೆದುಕೊಳ್ಳುವಾಗ ಹಗುರವಾದ ಹನ್ನೆರಡನ್ನೇ ಜಾಸ್ತಿ ಆರಿಸಿಕೊಳ್ಳುತ್ತವೆ. ಕಲ್ಲಿದ್ದಲು ಅಂದರೆ ಹಳೆಯ ಗಿಡವೇ ತಾನೆ, ಹಾಗಾಗಿ ಅದರಲ್ಲೂ ಹದಿಮೂರು ಕಡಿಮೆ. ಗಾಳಿಯಲ್ಲಿ ಹದಿಮೂರರ ಪಾಲು ವರ್ಷ ವರ್ಷ ಇಳಿಯುತ್ತಿದೆ. ಈ ಎರಡೂ ಗುರುತು ಕೂಡಿಸಿ ನೋಡಿ: ಉರಿದದ್ದು ಗಿಡದಿಂದ ಬಂದದ್ದು, ಆದರೆ ಬಹಳ ಬಹಳ ಹಳೆಯದು.

ಜ್ವಾಲಾಮುಖಿ ಅಂತ ಕೇಳುವವರು ಇದ್ದೇ ಇರುತ್ತಾರೆ. ಜಗತ್ತಿನ ಎಲ್ಲ ಜ್ವಾಲಾಮುಖಿ ಸೇರಿ ವರ್ಷಕ್ಕೆ ಬಿಡುವುದು ಮನುಷ್ಯರು ಬಿಡುವುದರಲ್ಲಿ ನೂರಕ್ಕೆ ಒಂದು ಪಾಲೂ ಆಗುವುದಿಲ್ಲ. ಅಷ್ಟು ಹೇಳಿ ಮುಂದೆ ಹೋಗಿ.

ಕಂಬಳಿ ತೋರಿಸಿ

ಅನಿಲ ನಮ್ಮದು, ಸರಿ. ಬಿಸಿಗೂ ಅದೇ ಕಾರಣ ಅಂತ ಹೇಗೆ? ಇಲ್ಲಿ ನಾನು ದೊಡ್ಡಪ್ಪ ಕೂತಿದ್ದ ಚಳ್ಳಕೆರೆ ಕಂಬಳಿಯನ್ನೇ ಎತ್ತಿ ತೋರಿಸಿದೆ.

ಕಂಬಳಿಗೆ ಸ್ವಂತ ಕಾವಿಲ್ಲ. ಮೈಯ ಕಾವನ್ನು ಹೊರಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೇ. ಬಿಸಿಲು ಗಾಳಿಯನ್ನು ದಾಟಿ ಬಂದು ನೆಲ ಕಾಯಿಸುತ್ತದೆ, ಕಾದ ನೆಲ ಶಾಖವನ್ನು ಮೇಲಕ್ಕೆ ಬಿಡುತ್ತದೆ, ಆ ಶಾಖವನ್ನು ಕಾರ್ಬನ್ ಡೈಆಕ್ಸೈಡ್, ನೀರಾವಿ, ಮೀಥೇನ್ ಹಿಡಿದುಕೊಳ್ಳುತ್ತವೆ. ಇದು ನಿನ್ನೆ ಮೊನ್ನೆಯ ಮಾತಲ್ಲ. 1856ರಲ್ಲಿ ಅಮೆರಿಕದ ಯೂನಿಸ್ ಫೂಟ್ ಅನ್ನುವ ಹೆಣ್ಣುಮಗಳು ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ ಬಿಸಿಲಿಗಿಟ್ಟು, ಕಾರ್ಬನ್ ಡೈಆಕ್ಸೈಡ್ ತುಂಬಿದ ಕೊಳವೆ ಜಾಸ್ತಿ ಕಾಯುತ್ತದೆ ಅಂತ ಬರೆದಳು. 1859ರಲ್ಲಿ ಜಾನ್ ಟಿಂಡಾಲ್ ಶಾಖ ಹಿಡಿಯುವ ಗುಣವನ್ನು ಲ್ಯಾಬಿನಲ್ಲಿ ಅಳೆದ. 1896ರಲ್ಲಿ ಸ್ವೀಡನ್ನಿನ ಅರೇನಿಯಸ್, ಈ ಅನಿಲ ಎರಡು ಪಟ್ಟಾದರೆ ಭೂಮಿ ಎಷ್ಟು ಕಾಯುತ್ತದೆ ಅಂತ ಕೈಯಲ್ಲೇ ಲೆಕ್ಕ ಹಾಕಿದ. ಧಾತು ಬರ ಬಂದ ಹೊತ್ತಿಗೆ ಈ ವಿಜ್ಞಾನದ ಅಡಿಪಾಯ ಬಿದ್ದು ಇಪ್ಪತ್ತು ವರ್ಷ ಆಗಿತ್ತು.

ಈಗ ಮುಖ್ಯ ಪರೀಕ್ಷೆ. ಒಬ್ಬ ಮನುಷ್ಯನ ಮೈ ಬೆಚ್ಚಗಾಗಿದೆ ಅಂದುಕೊಳ್ಳಿ. ಎದುರಿಗೆ ಬೆಂಕಿ ದೊಡ್ಡದು ಮಾಡಿದ್ದಕ್ಕಾ, ಮೇಲೊಂದು ಕಂಬಳಿ ಹೊದಿಸಿದ್ದಕ್ಕಾ? ಕಂಬಳಿಯ ಹೊರಮೈ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ. ಬೆಂಕಿ ಜೋರಾಗಿದ್ದರೆ ಹೊರಮೈಯೂ ಬಿಸಿ. ಇನ್ನೊಂದು ಕಂಬಳಿ ಹೊದಿಸಿದ್ದರೆ ಒಳಗೆ ಬೆಚ್ಚಗೆ, ಹೊರಮೈ ಮೊದಲಿಗಿಂತ ತಣ್ಣಗೆ. ಭೂಮಿಗೂ ಹಾಗೇ. ಸೂರ್ಯ ಜೋರಾಗಿ ಉರಿಯುತ್ತಿದ್ದರೆ ಗಾಳಿಯ ಕೆಳಪದರ, ಮೇಲ್ಪದರ ಎರಡೂ ಕಾಯಬೇಕು. ಕಾರ್ಬನ್ ಡೈಆಕ್ಸೈಡ್ ಕಾರಣವಾದರೆ ಕೆಳಪದರ ಕಾದು ಮೇಲ್ಪದರ ತಣ್ಣಗಾಗಬೇಕು. ಹೀಗೇ ಆಗುತ್ತದೆ ಅಂತ ಮನಾಬೆ ಮತ್ತು ವೆದರಾಲ್ಡ್ ಅನ್ನುವ ಇಬ್ಬರು 1967ರಲ್ಲೇ ಲೆಕ್ಕ ಮಾಡಿ ಬರೆದಿಟ್ಟಿದ್ದರು, ಇನ್ನೂ ಅಳತೆಯೇ ಸರಿಯಾಗಿ ಇಲ್ಲದ ಕಾಲದಲ್ಲಿ. ಆಮೇಲೆ ಬಲೂನು, ಉಪಗ್ರಹಗಳಿಂದ ಅಳೆದಾಗ ಕಂಡದ್ದೂ ಅದೇ. ನಮ್ಮ ತಲೆಯ ಮೇಲೆ ಹದಿನಾರು ಹದಿನೇಳು ಕಿಲೋಮೀಟರ್ ದಾಟಿದ ಪದರ ತಣ್ಣಗಾಗುತ್ತಿದೆ, ಕೆಳಗಿನದು ಕಾಯುತ್ತಿದೆ. (ಕಂಬಳಿಯ ಹೋಲಿಕೆ ಪೂರ್ತಿ ಸರಿ ಅಲ್ಲ ಅನ್ನುವುದನ್ನೂ ಹೇಳಿಬಿಡಿ. ಮೇಲಿನ ತೆಳು ಗಾಳಿಯಲ್ಲಿ ಈ ಅನಿಲವೇ ಶಾಖವನ್ನು ಆಕಾಶಕ್ಕೆ ಬಿಟ್ಟು ಆ ಪದರವನ್ನು ತಂಪು ಮಾಡುತ್ತದೆ. ಓಝೋನ್ ಕಡಿಮೆಯಾದದ್ದರದ್ದೂ ಆ ತಂಪಿನಲ್ಲಿ ಒಂದು ಪಾಲು ಇದೆ.)

ಸೂರ್ಯನನ್ನೇ ನೇರವಾಗಿಯೂ ಅಳೆದಿದ್ದಾರೆ. 1978ರ ಕೊನೆಯಿಂದ ಉಪಗ್ರಹಗಳು ಬಿಡದೆ ನೋಡುತ್ತಿವೆ. ಸುಮಾರು 11 ವರ್ಷಕ್ಕೊಮ್ಮೆ ಸೂರ್ಯನ ಕಾವು ಸಾವಿರದಲ್ಲಿ ಒಂದು ಪಾಲಿನಷ್ಟು ಏರಿ ಇಳಿಯುತ್ತದೆ. ಭೂಮಿ ಜೋರಾಗಿ ಕಾದ ಈ ನಾಲ್ಕು ದಶಕದಲ್ಲಿ ಅದು ಏರುತ್ತಾ ಹೋಗಿಲ್ಲ. ಎತ್ತು ಮನೆಯಲ್ಲೇ ಕಟ್ಟಿತ್ತು ಅಂದಮೇಲೆ ಪಕ್ಕದ ಹೊಲ ಮೇಯ್ದದ್ದು ಅದಲ್ಲ.

ಜಾತ್ರೆಯ ಗದ್ದಲದಲ್ಲಿ ಮಗುವಿನ ದನಿ

ಹವೆ ಅಂದಮೇಲೆ ಗದ್ದಲ ಇದ್ದೇ ಇರುತ್ತದೆ. ಒಂದು ವರ್ಷ ತಂಪು, ಒಂದು ವರ್ಷ ಕಾವು. ಅದರೊಳಗೆ ಮನುಷ್ಯನ ಪಾಲನ್ನು ಹೆಕ್ಕುವುದು ಹೇಗೆ? ಜರ್ಮನಿಯ ಕ್ಲೌಸ್ ಹಾಸಲ್‌ಮನ್ 1970ರ ದಶಕದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. 2021ರಲ್ಲಿ ಭೌತವಿಜ್ಞಾನದ ನೊಬೆಲ್ ಸಿಕ್ಕ ಮೂವರಲ್ಲಿ ಅವರೂ ಒಬ್ಬರು, ಮನಾಬೆಯೂ ಒಬ್ಬರು.

ನಾಯಕನಹಟ್ಟಿ ಜಾತ್ರೆಗೆ ಹೋದವರಿಗೆ ಗೊತ್ತು. ತೇರು ಎಳೆಯುವ ಹೊತ್ತಿಗೆ ಪಕ್ಕದಲ್ಲಿದ್ದವರ ಮಾತೂ ಕೇಳಿಸುವುದಿಲ್ಲ. ಆದರೆ ತಾಯಿಗೆ ತನ್ನ ಮಗು ಕೂಗಿದರೆ ಆ ಸದ್ದಿನಲ್ಲೂ ಕಿವಿಗೆ ಬೀಳುತ್ತದೆ. ಯಾಕೆ? ಆ ದನಿಯ ರೀತಿ ಅವಳಿಗೆ ಮೊದಲೇ ಗೊತ್ತು. ಹಾಸಲ್‌ಮನ್ ಹೇಳಿದ್ದೂ ಇದನ್ನೇ. ಸೂರ್ಯ ಕಾರಣವಾದರೆ ಭೂಮಿಯ ಮೇಲೆ ಬಿಸಿ ಯಾವ ರೀತಿ ಹರಡುತ್ತದೆ, ಜ್ವಾಲಾಮುಖಿಯಾದರೆ ಯಾವ ರೀತಿ, ಕಾರ್ಬನ್ ಡೈಆಕ್ಸೈಡ್‌ನಂಥ ಶಾಖ ಹಿಡಿಯುವ ಹಸಿರುಮನೆ ಅನಿಲವಾದರೆ ಯಾವ ರೀತಿ, ಯಾವ ಎತ್ತರದಲ್ಲಿ, ಯಾವ ದಶಕದಲ್ಲಿ ಎಷ್ಟು ಅನ್ನುವುದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಆಮೇಲೆ ನಿಜವಾದ ಅಳತೆಯಲ್ಲಿ ಯಾವ ರೀತಿ ಕಾಣುತ್ತದೆ ಅಂತ ಹುಡುಕಿ. ಬೆರಳಚ್ಚು ಹೊಂದಿಸಿದ ಹಾಗೆ.

ಇದಕ್ಕೆ ಕಂಪ್ಯೂಟರ್ ಬೇಕು, ಅಲ್ಲೇ ಜನಕ್ಕೆ ಅನುಮಾನ ಹುಟ್ಟುವುದು. ಹಾಗಾಗಿ ಹೊಲದ ಮಾತಿನಲ್ಲಿ ಹೇಳಿ. ಹೊಸ ಗೊಬ್ಬರ ಕೆಲಸ ಮಾಡುತ್ತಾ ಅಂತ ನೋಡಲು ಏನು ಮಾಡುತ್ತೇವೆ? ಒಂದೇ ಹೊಲದಲ್ಲಿ ಎರಡು ತಾಕು ಮಾಡಿ, ಒಂದಕ್ಕೆ ಹಾಕಿ ಇನ್ನೊಂದನ್ನು ಹಾಗೇ ಬಿಡುತ್ತೇವೆ. ಭೂಮಿ ಮಾತ್ರ ಒಂದೇ ಇದೆ, ಎರಡನೇ ತಾಕು ಸಿಗುವುದಿಲ್ಲ. ಅದಕ್ಕೇ ಎರಡನೇ ಭೂಮಿಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಒಂದರಲ್ಲಿ ಸೂರ್ಯ, ಜ್ವಾಲಾಮುಖಿ ಮಾತ್ರ. ಇನ್ನೊಂದರಲ್ಲಿ ಅವುಗಳ ಜೊತೆ ಮನುಷ್ಯನೂ. ಮನುಷ್ಯನಿಲ್ಲದ ಭೂಮಿ 1850ರಿಂದ ಇಲ್ಲಿಯವರೆಗೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಮನುಷ್ಯನಿರುವ ಭೂಮಿಯ ಗೆರೆ ನಿಜವಾದ ಅಳತೆಯ ಜೊತೆ ಜೊತೆಗೇ ಏರುತ್ತದೆ.

ಆ ಕಂಪ್ಯೂಟರ್ ಲೆಕ್ಕವನ್ನು ನಂಬಬಹುದಾ? ಒಂದು ಪರೀಕ್ಷೆ ತಾನಾಗಿ ಬಂತು. 1991ರ ಜೂನ್‌ನಲ್ಲಿ ಫಿಲಿಪೀನ್ಸ್‌ನ ಪಿನಾಟುಬೊ ಜ್ವಾಲಾಮುಖಿ ಸಿಡಿದು ಗಂಧಕದ ಮಬ್ಬು ಆಕಾಶಕ್ಕೆ ಹೋಯಿತು. ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಗುತ್ತದೆ ಅಂತ ಜೇಮ್ಸ್ ಹಾನ್ಸೆನ್ ಅವರ ತಂಡ ಮುಂಚೆಯೇ ಹೇಳಿತು. ಹತ್ತಿರ ಹತ್ತಿರ ಅಷ್ಟೇ ತಣ್ಣಗಾಯಿತು, ಎರಡು ಮೂರು ವರ್ಷದಲ್ಲಿ ವಾಪಸ್ ಏರಿತು.

ವಿಶ್ವಸಂಸ್ಥೆಯ ಹವಾಮಾನ ಸಮಿತಿ, ಐಪಿಸಿಸಿ ಅಂತಾರಲ್ಲ, ಅದರ ಮಾತು ವರ್ಷಗಳಲ್ಲಿ ಹೇಗೆ ಗಟ್ಟಿಯಾಯಿತು ನೋಡಿ. 1995ರಲ್ಲಿ "ಮನುಷ್ಯನ ಪ್ರಭಾವ ಕಾಣುತ್ತಿದೆ" ಅನ್ನುವಷ್ಟು ಮಾತ್ರ. 2021ರಲ್ಲಿ "ಸಂಶಯಕ್ಕೆ ಎಡೆಯೇ ಇಲ್ಲ". ಅವಸರ ಮಾಡಿಲ್ಲ, ಪುರಾವೆ ಬಂದಷ್ಟೇ ಹೇಳಿದ್ದಾರೆ. 2010–2019ರವರೆಗಿನ ಲೆಕ್ಕದಲ್ಲಿ ಮನುಷ್ಯನಿಂದ ಆದ ಏರಿಕೆ 1.07 ಡಿಗ್ರಿ. ಅಳತೆಯಲ್ಲಿ ಕಂಡದ್ದು 1.06. ಸೂರ್ಯ ಮತ್ತು ಜ್ವಾಲಾಮುಖಿಯ ಪಾಲು ಆ ಕಡೆ ಈ ಕಡೆ 0.1ರ ಒಳಗೆ.

ಇಲ್ಲೊಂದು ವಿಷಯವನ್ನು ಬಿಡಬೇಡಿ, ಹೊಗೆಯದ್ದು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಕಡೆ ಬೆಳಗಿನ ಜಾವ ಹೋದರೆ ಮನೆಗಳ ಮೇಲೆ ಕಪ್ಪು ಹೊಗೆ ಕವಿದಿರುತ್ತದೆ, ಒಣಗಲು ಹಾಕಿದ ಬಟ್ಟೆ ಮೇಲೂ ಮಸಿ. ಹೊಗೆಯಲ್ಲಿ ಎರಡು ಬಗೆ. ಈ ಕಪ್ಪು ಮಸಿ ಬಿಸಿಲನ್ನು ಹೀರಿ ಕಾಯಿಸುತ್ತದೆ. ಕಲ್ಲಿದ್ದಲಿನ ಗಂಧಕದಿಂದ ಆಗುವ ಬಿಳಿ ಕಣಗಳು ಬಿಸಿಲನ್ನು ವಾಪಸ್ ಕಳಿಸಿ ತಂಪು ಮಾಡುತ್ತವೆ. ಜಗತ್ತಿನ ಮಟ್ಟದಲ್ಲಿ ಒಟ್ಟು ಲೆಕ್ಕ ತಂಪಿನ ಕಡೆಗೇ ಇದೆ. ಅಂದರೆ ನಾವು ಬಿಟ್ಟ ಅನಿಲ ಎಷ್ಟು ಕಾಯಿಸಬೇಕಿತ್ತೋ ಅದರಲ್ಲಿ ಸ್ವಲ್ಪವನ್ನು ನಮ್ಮದೇ ಹೊಗೆ ಮುಚ್ಚಿಟ್ಟಿದೆ. ಭಾರತ ಜಗತ್ತಿನ ಸರಾಸರಿಗಿಂತ ಕಡಿಮೆ ಕಾದದ್ದಕ್ಕೆ ಇದೂ ಒಂದು ಕಾರಣ. ಹೊಗೆ ಮಳೆಗೆ ತೊಳೆದುಹೋಗುತ್ತದೆ, ಅನಿಲ ನೂರಾರು ವರ್ಷ ಉಳಿಯುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಹೆಚ್ಚು ಚಿಂತೆ ಹಚ್ಚುವುದು ಇದೇ.

ಒಂದು ಮಳೆ, ಒಂದು ಬಿಸಿಲು: ಸುದ್ದಿ ಓದುವ ಬಗೆ

ನಾಲ್ಕನೇ ಪ್ರಶ್ನೆ ಎಲ್ಲಕ್ಕಿಂತ ಕಷ್ಟದ್ದು. 2003ರಲ್ಲಿ ಯುರೋಪಿನಲ್ಲಿ ಬಿಸಿಲಿಗೆ ಸಾವಿರಾರು ಜನ ಸತ್ತರು. ಮರುವರ್ಷ ಪೀಟರ್ ಸ್ಟಾಟ್ ಮತ್ತು ಜೊತೆಯವರು, ಅಂಥ ಬೇಸಿಗೆ ಬರುವ ಸಾಧ್ಯತೆಯನ್ನು ಮನುಷ್ಯ ಕನಿಷ್ಠ ಎರಡು ಪಟ್ಟು ಮಾಡಿರಬಹುದು ಅಂತ ತೋರಿಸಿದರು. ಒಂದೊಂದು ಘಟನೆಯನ್ನು ಹೀಗೆ ತೂಗುವ ಕೆಲಸ ಜೋರಾದದ್ದು ಅಲ್ಲಿಂದ. ಈಗ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಅನ್ನುವ ತಂಡ ಘಟನೆ ನಡೆದ ಕೆಲವೇ ದಿನ, ವಾರಗಳಲ್ಲಿ ಲೆಕ್ಕ ಕೊಡುತ್ತದೆ.

ಚೌಕಾಬಾರ ಆಡುವಾಗ ಯಾರೋ ಒಂದು ಕವಡೆಯ ಬೆನ್ನು ತೇದಿಟ್ಟಿದ್ದಾರೆ ಅಂದುಕೊಳ್ಳಿ. ಮೊದಲೂ ನಾಲ್ಕು ಬೀಳುತ್ತಿತ್ತು, ಈಗ ಜಾಸ್ತಿ ಸಲ ಬೀಳುತ್ತದೆ. ಇದೊಂದು ಸಲ ಬಿದ್ದದ್ದು ತೇದ ಕವಡೆಯಿಂದಲೇ ಅಂತ ಆಣೆ ಮಾಡಲು ಆಗುವುದಿಲ್ಲ. ಎಷ್ಟು ಪಟ್ಟು ಜಾಸ್ತಿಯಾಗಿದೆ ಅಂತ ಮಾತ್ರ ಲೆಕ್ಕ ಹಾಕಬಹುದು.

ಹಾಗಾಗಿ ಪೇಪರಿನಲ್ಲಿ ಇಂಥ ಸುದ್ದಿ ಬಂದರೆ ಮೊದಲು ನೋಡಬೇಕಾದದ್ದು, ಅಳೆದದ್ದು ಏನನ್ನು ಅಂತ. ಯಾವ ಪ್ರದೇಶ, ಎಷ್ಟು ದಿನ, ಮಳೆಯಾ ಕಾವಾ? ಆಮೇಲೆ, ಹೇಳುತ್ತಿರುವುದು "ಎಷ್ಟು ಪಟ್ಟು ಹೆಚ್ಚು ಸಲ" ಅಂತಲೋ "ಎಷ್ಟು ಜೋರು" ಅಂತಲೋ? 2022ರ ಮಾರ್ಚ್–ಏಪ್ರಿಲ್‌ನ ಉತ್ತರ ಭಾರತ, ಪಾಕಿಸ್ತಾನದ ಬಿಸಿಗಾಳಿಯ ಬಗ್ಗೆ, ಅಂಥದ್ದು ಬರುವ ಸಾಧ್ಯತೆ ಸುಮಾರು 30 ಪಟ್ಟು ಹೆಚ್ಚಾಗಿದೆ ಅಂತ ಈ ತಂಡದವರು ಅಂದರು. ಅದೇ ಬಿಸಿಗಾಳಿ ಸುಮಾರು 1 ಡಿಗ್ರಿ ಜಾಸ್ತಿ ಬಿಸಿ ಅಂತಲೂ ಅಂದರು. 30 ಪಟ್ಟು ಕೇಳಿದರೆ ಎದೆ ಝಲ್ ಅನ್ನುತ್ತದೆ, 1 ಡಿಗ್ರಿ ಕೇಳಿದರೆ ಅಷ್ಟೇನಾ ಅನ್ನಿಸುತ್ತದೆ. ಎರಡೂ ಒಂದೇ ಸತ್ಯದ ಎರಡು ಮುಖ. ಎರಡನ್ನೂ ಹೇಳಿ.

"ಇಲ್ಲ" ಅಂತ ಉತ್ತರ ಬಂದ ಸಂದರ್ಭವನ್ನೂ ತಪ್ಪದೆ ಹೇಳಿ. 2015ರ ಡಿಸೆಂಬರ್‌ನ ಚೆನ್ನೈ ಪ್ರವಾಹದ ಮಳೆಯಲ್ಲಿ ಮನುಷ್ಯನಿಂದಾದ ಹವಾಮಾನ ಬದಲಾವಣೆಯ ಗುರುತು ಅವರಿಗೆ ಸಿಗಲಿಲ್ಲ. ಸಿಗಲಿಲ್ಲ ಅಂತಲೇ ಬರೆದರು. 2024ರ ವಯನಾಡು ಭೂಕುಸಿತದ ಮಳೆ ಹವಾಮಾನ ಬದಲಾವಣೆಯಿಂದ ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚು ಜೋರಾಗಿತ್ತು ಅಂದರು. ಅಂದರೆ ಉಳಿದ ಮಳೆ ಹೇಗೂ ಬರುತ್ತಿತ್ತು. ಗುಡ್ಡದ ಇಳಿಜಾರು, ಮಣ್ಣು, ಕಾಡು ಕಳೆದುಕೊಂಡದ್ದರ ಲೆಕ್ಕ ಬೇರೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟುವ ತಂಡವಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ. ದೊಡ್ಡಪ್ಪನಿಗೆ ನಂಬಿಕೆ ಬಂದದ್ದು 30 ಪಟ್ಟು ಕೇಳಿ ಅಲ್ಲ, ಚೆನ್ನೈ ಕಥೆ ಕೇಳಿ.

ಕಾವಿನ ಲೆಕ್ಕ ಮಳೆಯ ಲೆಕ್ಕಕ್ಕಿಂತ ಗಟ್ಟಿ ಅನ್ನುವುದನ್ನು ನೆನಪಿಡಿ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಸುರಿದರೆ ಒಮ್ಮೆಲೇ ಸುರಿಯುವುದಕ್ಕೆ ಇದು ಕಾರಣ. ಆದರೆ ಬರ ಅಂದಮೇಲೆ ಎಲ್ ನಿನೊ, ಅಂತರ್ಜಲ, ಕೆರೆ ಹೂಳು, ಬೆಳೆಯ ಆಯ್ಕೆ ಎಲ್ಲ ಸೇರಿಕೊಳ್ಳುತ್ತವೆ. 2023ರ ಬರದಲ್ಲೂ ಎಲ್ ನಿನೊ ಇತ್ತು. ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಈರುಳ್ಳಿ ಮೇಲೆ ಸುರಿದ ಒಂದು ರಾತ್ರಿಯ ಮಳೆಯನ್ನು ತೋರಿಸಿ "ಇದು ಕಾರ್ಬನ್ನಿಂದ" ಅಂತ ನಾನು ಹೇಳುವುದಿಲ್ಲ. ಕೊಳೆತ ಈರುಳ್ಳಿ ರಾಶಿ ಮುಂದೆ ನಿಂತವರಿಗೆ ಪುರಾವೆಯಿಲ್ಲದ ಮಾತು ಕೊಡುವುದು ತಪ್ಪು.

ಇಷ್ಟೆಲ್ಲ ಕೇಳಿ ದೊಡ್ಡಪ್ಪ ಅಂದರು, "ಹಂಗಾದ್ರೆ ನಮ್ಮೂರ ಮಳೆ ಲೆಕ್ಕ ಯಾರಿಟ್ಟಾರೆ?" ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕ ಇಟ್ಟು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನದಿನದ ಅಂಕಿ ಕೊಡುತ್ತದೆ, ಅದನ್ನು ನೋಡುವುದನ್ನು ಹೇಳಿಕೊಟ್ಟೆ. ಆದರೂ ಸ್ವಂತ ಲೆಕ್ಕ ಇರಲಿ ಅಂದರು. ಒಂದು ಮಳೆಮಾಪಕ ತಂದುಕೊಟ್ಟೆ. ಮರ, ಗೋಡೆಯಿಂದ ದೂರ, ಬಯಲಿನಲ್ಲಿ ಮಟ್ಟವಾಗಿ ನಿಲ್ಲಿಸಬೇಕು. ಇಲಾಖೆಯವರ ಹಾಗೆ ದಿನಾ ಬೆಳಿಗ್ಗೆ ಎಂಟೂವರೆಗೆ ನೋಡಬೇಕು, ಮಿಲಿಮೀಟರಿನಲ್ಲಿ ಬರೆಯಬೇಕು, ಮಳೆ ಬಾರದ ದಿನ ಸೊನ್ನೆ ಬರೆಯಬೇಕು. ಖಾಲಿ ಬಿಟ್ಟರೆ ನೋಡಲಿಲ್ಲ ಅಂತ ಅರ್ಥ, ಸೊನ್ನೆ ಬರೆದರೆ ಮಳೆ ಬರಲಿಲ್ಲ ಅಂತ ಅರ್ಥ. ಮೂವತ್ತು ವರ್ಷ ಬೇಕು ದೊಡ್ಡಪ್ಪ ಅಂದೆ. ಮೊಮ್ಮಗಳನ್ನು ಕರೆದು ಪುಸ್ತಕ ಅವಳ ಕೈಗೆ ಕೊಟ್ಟರು. ಮೊದಲ ಪುಟದಲ್ಲಿ ಸತತ ಹನ್ನೊಂದು ಸೊನ್ನೆ ಇವೆ, ಹನ್ನೆರಡನೇ ದಿನ ಭರಣಿ ಮಳೆ, 14 ಮಿಲಿಮೀಟರ್.